ಎರಡು ಚಕ್ರಕ್ಕೆ ನೂರೆಂಟು ಬೇಲಿ

ಬ್ರಿಟನ್ನಿನಲ್ಲಿ ಮೋಟಾರ್ ಸೈಕಲ್ ಈಗ ಸಂಬಳ ಎಣಿಸಿ ಬದುಕುವವನ ವಾಹನವಲ್ಲ. ಮನೆ ಸಾಲ ತೀರಿಸಿ, ಮಕ್ಕಳನ್ನು ದಡ ಸೇರಿಸಿ, ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡವನ ಭಾನುವಾರದ ಶೋಕಿ. ಇದು ತಾನಾಗಿ ಆದದ್ದಲ್ಲ, ಅರವತ್ತು ವರ್ಷಗಳಲ್ಲಿ ಒಂದರ ಮೇಲೊಂದು ನಿಯಮ ಪೇರಿಸಿ ಮಾಡಿದ್ದು ಎನ್ನುವುದು ನನ್ನ ತಕರಾರು.

ನಾನಿರುವುದು ಕಾವೆಂಟ್ರಿಯಲ್ಲಿ. ಟ್ರಯಂಫ್ ಬೈಕಿನ ಕಾರ್ಖಾನೆ ಇದ್ದ ಊರು ಇದು. 1940ರ ನವೆಂಬರ್‌ನ ಬಾಂಬ್ ದಾಳಿಯಲ್ಲಿ ಅದು ನೆಲಸಮವಾದ ಮೇಲೆ ಪಕ್ಕದ ಮೆರಿಡನ್‌ನಲ್ಲಿ ಹೊಸದು ಕಟ್ಟಿದರು. ಬಿಎಸ್‌ಎ ತಯಾರಾಗುತ್ತಿದ್ದ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್, ರಾಯಲ್ ಎನ್‌ಫೀಲ್ಡ್ ಹುಟ್ಟಿದ ರೆಡಿಚ್ ಎಲ್ಲವೂ ಇಲ್ಲಿಗೆ ಹತ್ತಿರ. ಈಗ ಎನ್‌ಫೀಲ್ಡ್ ಚೆನ್ನೈನದು, ಬಿಎಸ್‌ಎ ಹೆಸರು ಮಹೀಂದ್ರಾ ಬಳಗದ ಕೈಯಲ್ಲಿದೆ, ನಾರ್ಟನ್ ಕಂಪನಿಯನ್ನು 2020ರಲ್ಲಿ ಟಿವಿಎಸ್ ಕೊಂಡಿತು. ಮೈಸೂರಿನಲ್ಲಿ ಕಾರ್ಖಾನೆ ಇಟ್ಟುಕೊಂಡಿರುವ ಅದೇ ಟಿವಿಎಸ್. ಟ್ರಯಂಫ್‌ನ 400 ಸಿಸಿ ಬೈಕುಗಳನ್ನು ಬಜಾಜ್ ಚಾಕಣ್‌ನಲ್ಲಿ ತಯಾರಿಸುತ್ತದೆ. ಬೈಕು ನಮ್ಮ ಕಡೆಯಿಂದ ಬರುತ್ತದೆ, ಓಡಿಸುವವನೂ ನಮ್ಮ ಕಡೆಯವನೇ ಆಗಿರಬಹುದು. ನಡುವೆ ನಿಂತಿರುವುದು ಪರವಾನಗಿ.

ಭಾರತದ ಲೈಸೆನ್ಸ್ ಇದ್ದರೆ ಇಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಗಾಡಿ ಓಡಿಸಬಹುದು. ಆಮೇಲೆ ಅದು ಬರೀ ಪ್ಲಾಸ್ಟಿಕ್ ಕಾರ್ಡು. ಜಪಾನ್, ಸಿಂಗಪುರ, ಜಿಂಬಾಬ್ವೆಯವರು ತಮ್ಮ ಪರವಾನಗಿಯನ್ನು ಬದಲಿಸಿಕೊಳ್ಳಬಹುದು, ನಮಗೆ ಆ ಸೌಲಭ್ಯವಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಪಳಗಿದವನೂ ಒಂದು ಬೆಳಿಗ್ಗೆ ಹೊಳೆಯುವ ಹಳದಿ ಜಾಕೆಟ್ ತೊಟ್ಟು, 125 ಸಿಸಿ ಬೈಕಿಗೆ ಎಲ್ ಬೋರ್ಡ್ ಕಟ್ಟಿ, ಹದಿನೇಳರ ಹುಡುಗರ ಸಾಲಿನಲ್ಲಿ ನಿಲ್ಲಬೇಕು. ಸಿಬಿಟಿ ಎಂದು ಕರೆಯುವ ಈ ಕಡ್ಡಾಯ ತರಬೇತಿ 1990ರಿಂದ ಇದೆ. ಮೊದಲು ಅಂಗಳದಲ್ಲಿ ಕೋನ್‌ಗಳ ನಡುವೆ ಎಂಟರ ಆಕಾರದಲ್ಲಿ ನಿಧಾನವಾಗಿ ಓಡಿಸಬೇಕು, ಕಾಲೂರದೆ ಯು-ತಿರುವು ತೆಗೆದುಕೊಳ್ಳಬೇಕು. ಆಮೇಲೆ ಕಿವಿಯೊಳಗೆ ರೇಡಿಯೊ ಸಿಕ್ಕಿಸಿಕೊಂಡು ಕನಿಷ್ಠ ಎರಡು ಗಂಟೆ ರಸ್ತೆಯಲ್ಲಿ. ಹಿಂದಿನಿಂದ ಶಿಕ್ಷಕರ ದನಿ: ಭುಜದಾಚೆ ನೋಡಿದಿರಾ? ಕನ್ನಡಿ ಸಾಲದು, ತಿರುಗುವ ಮುನ್ನ ಕತ್ತು ಹೊರಳಿಸಿ ನೋಡಲೇಬೇಕು. ಇಲ್ಲಿನವರು ಅದಕ್ಕೆ ಲೈಫ್‌ಸೇವರ್ ಎನ್ನುತ್ತಾರೆ.

ಸಿಬಿಟಿಯನ್ನು ನಾನು ದೂರುವುದಿಲ್ಲ. ಅದು ಒಳ್ಳೆಯ ತರಬೇತಿ, ಬೆಂಗಳೂರಿನ ಆರ್‌ಟಿಒಗಳೂ ಕಲಿಯುವಂಥದ್ದು. ಆದರೆ ಅದು ಪರೀಕ್ಷೆಯಲ್ಲ. ಎರಡು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಪೂರ್ಣ ಪರವಾನಗಿ ಗಳಿಸದಿದ್ದರೆ ಮತ್ತೆ ದುಡ್ಡು ಕೊಟ್ಟು ಅದೇ ಕೋನ್‌ಗಳನ್ನು ಸುತ್ತಬೇಕು. ಆ ಕಾಗದ ಹಿಡಿದವನು ಮೋಟಾರ್‌ವೇ ಹತ್ತುವಂತಿಲ್ಲ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ.

ಪೂರ್ಣ ಪರವಾನಗಿಯ ಕಥೆ ಇನ್ನೂ ದೊಡ್ಡದು. 16ರ ವಯಸ್ಸಿಗೆ 50 ಸಿಸಿ ಮೊಪೆಡ್, ಅದೂ ಗಂಟೆಗೆ 45 ಕಿ.ಮೀ. ಒಳಗೆ. 17ಕ್ಕೆ ಎ1, ಅಂದರೆ 125 ಸಿಸಿ. 19ಕ್ಕೆ ಎ2, ಅಂದರೆ 35 ಕಿಲೋವ್ಯಾಟ್‌ವರೆಗಿನ ಶಕ್ತಿ; ಎನ್‌ಫೀಲ್ಡ್‌ನ 650 ಇಂಟರ್‌ಸೆಪ್ಟರ್ ಇದರೊಳಗೆ ಬರುತ್ತದೆ. ಎ2ನಲ್ಲಿ ಎರಡು ವರ್ಷ ಕಳೆದರೆ 21ಕ್ಕೆ ಮಿತಿಯಿಲ್ಲದ ಎ, ನೇರವಾಗಿ ಬೇಕೆಂದರೆ 24 ತುಂಬಬೇಕು. ಒಂದೊಂದು ಮೆಟ್ಟಿಲಿಗೂ ಮಾಡ್ಯೂಲ್ 1 (ಮೈದಾನದ ಪರೀಕ್ಷೆ), ಮಾಡ್ಯೂಲ್ 2 (ರಸ್ತೆಯ ಪರೀಕ್ಷೆ) ಎರಡನ್ನೂ ಹೊಸದಾಗಿ ಪಾಸಾಗಬೇಕು. ಮೊದಲನೆಯದಕ್ಕೆ 15.50 ಪೌಂಡ್, ಎರಡನೆಯದಕ್ಕೆ ವಾರದ ದಿನಗಳಲ್ಲಿ 75. ಮೂರು ಮೆಟ್ಟಿಲು ಹತ್ತುವ ಹುಡುಗನಿಗೆ ಪರೀಕ್ಷಾ ಶುಲ್ಕವೇ 271.50 ಪೌಂಡ್. ಥಿಯರಿ ಪರೀಕ್ಷೆಯ 23 ಪೌಂಡ್ ಇದಕ್ಕೆ ಹೊರತು. ಇದೆಲ್ಲ ಚಿಲ್ಲರೆ; ನಿಜವಾದ ಖರ್ಚು ತರಬೇತಿ ಶಾಲೆಯದು. ಅವರ ಬೈಕು, ಅವರ ವಿಮೆ, ಅವರ ಶಿಕ್ಷಕರು ಸೇರಿ ದೊಡ್ಡ ಬೈಕಿನ ಕೋರ್ಸಿಗೆ ಸಾವಿರ ಪೌಂಡಿನ ಆಸುಪಾಸು ಕೇಳುವುದು ಮಾಮೂಲು. ನಪಾಸಾದರೆ ಮತ್ತೆ ಕೈ ಜೇಬಿಗೆ.

ಅದೇ ಹದಿನೇಳರ ಹುಡುಗ ಕಾರಿನ ಪರೀಕ್ಷೆಯನ್ನು ಒಮ್ಮೆ ಪಾಸಾದರೆ ಸಾಕು, ಮರುದಿನವೇ ಐನೂರು ಅಶ್ವಶಕ್ತಿಯ ಕಾರನ್ನು ರಸ್ತೆಗಿಳಿಸಬಹುದು. ವಿಮೆ ಕಟ್ಟುವ ತಾಕತ್ತು ಅವನಪ್ಪನಿಗೆ ಇರಬೇಕು, ಅಷ್ಟೆ. ಕಾನೂನಂತೂ ತಡೆಯುವುದಿಲ್ಲ.

ಮಾಡ್ಯೂಲ್ 1 ಬಂದದ್ದು 2009ರಲ್ಲಿ. ಅಡ್ಡ ಬಂದ ವಸ್ತುವನ್ನು ತಪ್ಪಿಸಿಕೊಂಡು ಹೋಗುವ ಪರೀಕ್ಷೆಯನ್ನು ಗಂಟೆಗೆ 50 ಕಿ.ಮೀ. ವೇಗದಲ್ಲಿ ಮಾಡಿಸಬೇಕೆಂದು ಯುರೋಪಿನ ನಿಯಮ. ಬ್ರಿಟನ್ನಿನ ಊರೊಳಗಿನ ಮಿತಿ 30 ಮೈಲಿ, ಅಂದರೆ 48 ಕಿ.ಮೀ. ಎರಡೇ ಎರಡು ಕಿಲೋಮೀಟರಿನ ಹೆಚ್ಚಳದಿಂದಾಗಿ ಆ ಪರೀಕ್ಷೆಯನ್ನು ಬೀದಿಯಲ್ಲಿ ನಡೆಸುವಂತಿಲ್ಲ. ಹಾಗಾಗಿ ದೊಡ್ಡ ಡಾಂಬರು ಮೈದಾನಗಳ ವಿಶೇಷ ಕೇಂದ್ರಗಳನ್ನು ಕಟ್ಟಿದರು. ಅವು ಎಲ್ಲ ಊರಿನಲ್ಲಿಲ್ಲ. ಹಳ್ಳಿಗಾಡಿನ ಹುಡುಗ ಪರೀಕ್ಷೆಗಾಗಿ ಎಲ್ ಬೋರ್ಡ್ ಕಟ್ಟಿಕೊಂಡು ಹತ್ತಾರು ಮೈಲಿ ಮುಖ್ಯ ರಸ್ತೆಯಲ್ಲಿ ಹೋಗಬೇಕು. ಸುರಕ್ಷತೆಗೆಂದು ತಂದ ಪರೀಕ್ಷೆಗೆ ಹೋಗುವ ದಾರಿಯೇ ಅಪಾಯದ್ದು. ಬ್ರೆಕ್ಸಿಟ್ ಆಗಿ ವರ್ಷಗಳು ಕಳೆದರೂ ಇದು ಬದಲಾಗಿಲ್ಲ.

ಯುರೋಪಿನ ತಲೆಗೆ ಎಲ್ಲವನ್ನೂ ಕಟ್ಟುವುದೂ ನ್ಯಾಯವಲ್ಲ. 2013ರ ಜನವರಿಯಲ್ಲಿ ಜಾರಿಯಾದ ಯುರೋಪಿನ ನಿರ್ದೇಶನದಲ್ಲಿಯೇ ಒಂದು ಆಯ್ಕೆ ಇತ್ತು: ಎ1ನಿಂದ ಎ2ಗೆ, ಎ2ನಿಂದ ಎಗೆ ಹೋಗುವಾಗ ಮರುಪರೀಕ್ಷೆ ಅಥವಾ ಕನಿಷ್ಠ ಏಳು ಗಂಟೆಗಳ ತರಬೇತಿ, ಯಾವುದನ್ನಾದರೂ ಇಟ್ಟುಕೊಳ್ಳಬಹುದು. ಬ್ರಿಟನ್ ಪರೀಕ್ಷೆಯನ್ನೇ ಆರಿಸಿಕೊಂಡಿತು. ಫ್ರಾನ್ಸಿನಲ್ಲಿ ಕಾರಿನ ಲೈಸೆನ್ಸ್ ಪಡೆದು ಎರಡು ವರ್ಷವಾದವರು ಏಳು ಗಂಟೆಗಳ ತರಬೇತಿ ಮುಗಿಸಿ 125 ಸಿಸಿ ಓಡಿಸಬಹುದು. ಇಟಲಿಯಲ್ಲಿ ಕಾರಿನ ಲೈಸೆನ್ಸೇ ಸಾಕು. ರೋಮಿನ ಬೀದಿಗಳಲ್ಲಿ ಕಚೇರಿಗೆ ಹೋಗುವ ಹೆಂಗಸರು ಗಂಡಸರು ಸ್ಕೂಟರಿನಲ್ಲಿ ಹೋಗುತ್ತಾರೆ, ಬರ್ಮಿಂಗ್‌ಹ್ಯಾಮಿನಲ್ಲಿ ಹೋಗುವುದಿಲ್ಲ. ಅದಕ್ಕೆ ಮಳೆಯೊಂದೇ ಕಾರಣವಲ್ಲ.

ಹಿಂದೆ ಹೀಗಿರಲಿಲ್ಲ. 1961ರವರೆಗೆ ಕಲಿಯುವವನು ಎಷ್ಟು ದೊಡ್ಡ ಬೈಕನ್ನಾದರೂ ಏರಬಹುದಿತ್ತು. ಆ ವರ್ಷ 250 ಸಿಸಿ ಮಿತಿ ಬಂತು. 1971ರಲ್ಲಿ ಹದಿನಾರರ ಹುಡುಗರನ್ನು 50 ಸಿಸಿಗೆ ಇಳಿಸಿದರು. 1973ರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. 1983ರಲ್ಲಿ ಕಲಿಯುವವರ ಮಿತಿ 125ಕ್ಕೆ ಇಳಿಯಿತು. ಆಮೇಲಿನದು ಮೇಲೆಯೇ ಹೇಳಿದ್ದೇನೆ. ನಿಯಮಗಳೇ ಬೈಕನ್ನು ಕೊಂದವು ಎಂದರೆ ಉತ್ಪ್ರೇಕ್ಷೆ. 1959ರಲ್ಲಿ ಮಿನಿ ಕಾರು ಬಂದು, ಸೈಡ್‌ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಮಳೆಯಲ್ಲಿ ನೆನೆಯುತ್ತಿದ್ದ ಕಾರ್ಮಿಕನಿಗೆ ತಲೆಯ ಮೇಲೊಂದು ಸೂರು ಕೊಟ್ಟಿತು. ಅವನು ಕಾರಿಗೆ ಹಾರಿದ್ದು ಸಹಜ. ಆದರೆ ಕಾರು ಕೊಳ್ಳಲಾಗದೆ ಉಳಿದವನಿಗೆ ಸರ್ಕಾರ ಮಾಡಿದ್ದೇನು ಎನ್ನುವುದು ಬೇರೆ ಪ್ರಶ್ನೆ.

ಸರ್ಕಾರದ ಪರವಾಗಿ ಒಂದು ಲೆಕ್ಕವಿದೆ, ಅದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. 2023ರಲ್ಲಿ ಗ್ರೇಟ್ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 1,624 ಮಂದಿ. ಅವರಲ್ಲಿ 315 ಮಂದಿ ಬೈಕಿನಲ್ಲಿದ್ದವರು. ಒಟ್ಟು ಸಂಚಾರದಲ್ಲಿ ಬೈಕುಗಳ ಪಾಲು ಶೇಕಡಾ 1ರಷ್ಟು ಮಾತ್ರ. ಈ ಅಂಕಿ ನೋಡಿದ ಯಾವ ಮಂತ್ರಿಯೂ ನಿಯಮ ಸಡಿಲಿಸಲು ಹೆದರುತ್ತಾನೆ. ಆದರೆ ಹತ್ತಲಾಗದಷ್ಟು ಮೆಟ್ಟಿಲು ಕಟ್ಟಿದರೆ ಜನ ಕೆಳಗೇ ನಿಲ್ಲುತ್ತಾರೆ. ಊಟ ತಲುಪಿಸುವ ಹುಡುಗರನ್ನು ನೋಡಿ: ವರ್ಷಗಟ್ಟಲೆ ಎಲ್ ಬೋರ್ಡ್ ಬಿಚ್ಚಿಲ್ಲ. ಎರಡು ವರ್ಷಕ್ಕೊಮ್ಮೆ ಸಿಬಿಟಿ ಹೊಸದು ಮಾಡಿಸಿಕೊಳ್ಳುವುದು ಅವರಿಗೆ ಅಗ್ಗ, ಪರೀಕ್ಷೆ ದುಬಾರಿ. ದಿನಕ್ಕೆ ಅತಿ ಹೆಚ್ಚು ಹೊತ್ತು ರಸ್ತೆಯಲ್ಲಿರುವವನು ಅತಿ ಕಡಿಮೆ ಕಲಿತವನಾಗಿ ಉಳಿಯುತ್ತಾನೆ. ಇದನ್ನು ಸುರಕ್ಷತೆ ಎಂದು ಒಪ್ಪಲು ನನಗೆ ಸಾಧ್ಯವಿಲ್ಲ.

ಇನ್ನು ದುಡ್ಡು. ವಾರ್ಷಿಕ ವಾಹನ ತೆರಿಗೆ 2025-26ರಲ್ಲಿ 150 ಸಿಸಿವರೆಗಿನ ಬೈಕಿಗೆ 26 ಪೌಂಡ್, 600 ಸಿಸಿ ಮೀರಿದರೆ 121. ಎಂಒಟಿ ಎಂಬ ವಾರ್ಷಿಕ ವಾಹನ ತಪಾಸಣೆಯ ಗರಿಷ್ಠ ಶುಲ್ಕ 29.65 ಪೌಂಡ್, ವರ್ಷಗಳಿಂದ ಏರಿಲ್ಲ, ಆ ಒಂದು ವಿಷಯದಲ್ಲಿ ಸರ್ಕಾರಕ್ಕೆ ಕೈ ಮುಗಿಯುತ್ತೇನೆ. ವಿಮೆಯ ಮೇಲೆ ಶೇಕಡಾ 12 ತೆರಿಗೆ. ವಿಮೆಯ ಅರ್ಜಿ ತುಂಬುವುದೇ ಒಂದು ವಿಚಾರಣೆ: ರಾತ್ರಿ ಗಾಡಿ ಎಲ್ಲಿರುತ್ತದೆ, ಗ್ಯಾರೇಜೇ, ಮನೆ ಮುಂದಿನ ಜಾಗವೇ, ಬೀದಿಯೇ? ಯಾವ ಬೀಗ? ಪಿನ್‌ಕೋಡ್ ಯಾವುದು? ಬೀದಿ ಎಂದು ಒತ್ತಿದೊಡನೆ ಮೊತ್ತ ಜಿಗಿಯುತ್ತದೆ. ಊರಿನಲ್ಲಿ ಒಂದೂ ಕ್ಲೇಮ್ ಇಲ್ಲದೆ ಕಟ್ಟಿದ ವಿಮೆಯ ಪತ್ರವನ್ನು ತೋರಿಸಿದರೆ ನಾನು ಕೇಳಿದ ಕಂಪನಿ ಅದನ್ನು ಪರಿಗಣಿಸಲೇ ಇಲ್ಲ. ಮನೆಗೆ ಗ್ಯಾರೇಜ್ ಇಲ್ಲದವನು, ಅಂದರೆ ಬಾಡಿಗೆ ಫ್ಲ್ಯಾಟಿನಲ್ಲಿರುವವನು, ಹೆಚ್ಚು ಕಟ್ಟುತ್ತಾನೆ. ಕಳ್ಳರು ಬ್ಯಾಟರಿ ಗ್ರೈಂಡರ್ ಹಿಡಿದು ಬರುವ ಕಾಲ. ದಪ್ಪ ಸರಪಳಿ, ಡಿಸ್ಕ್ ಬೀಗ, ಟ್ರ್ಯಾಕರ್ ಎಲ್ಲ ಬೇಕು. ಅವುಗಳ ಬೆಲೆಗೆ ನಮ್ಮಲ್ಲಿ ಹಳೆಯ ಸ್ಪ್ಲೆಂಡರ್ ಬರುತ್ತದೆ.

ಹೆಲ್ಮೆಟ್‌ಗೆ ವ್ಯಾಟ್ ಇಲ್ಲ. ಜಾಕೆಟ್, ಕೈಗವಸು, ಬೂಟಿಗೆ ಶೇಕಡಾ 20 ಇದೆ. ತಲೆ ಉಳಿದರೆ ಸಾಕು, ಮೈ ಮುರಿದುಕೊಂಡರೆ ನಿನ್ನ ಕರ್ಮ ಎಂದು ಲೆಕ್ಕ.

ಲಂಡನ್ನಿಗೆ ಹೋದರೆ ಬೇರೆಯೇ ಅಧ್ಯಾಯ. ಹೆಚ್ಚು ಹೊಗೆಯುಗುಳುವ ವಾಹನಕ್ಕೆ ಶುಲ್ಕ ಹಾಕುವ ಅಲ್ಲಿನ ಯುಲೆಝ್ ವಲಯ 2019ರಲ್ಲಿ ಶುರುವಾಗಿ 2023ರ ಆಗಸ್ಟ್‌ನಲ್ಲಿ ಇಡೀ ಲಂಡನ್ನಿಗೆ ಹರಡಿತು. ಯೂರೋ 3 ಎಂಬ ಹೊಗೆಯ ಮಾನದಂಡ ತಲುಪದ ಬೈಕಿಗೆ, ಹೆಚ್ಚುಕಡಿಮೆ 2007ರ ಜುಲೈಗಿಂತ ಹಳೆಯದಕ್ಕೆ, ದಿನಕ್ಕೆ 12.50 ಪೌಂಡ್. ಹಳೆಯ ಡೀಸೆಲ್ ಕಾರಿಗೂ ಅದೇ 12.50. ಒಂದು ಟನ್ನಿಗೂ ಹೆಚ್ಚು ಭಾರದ ಕಾರಿಗೂ 2003ರ ಸಣ್ಣ ಸ್ಕೂಟರಿಗೂ ಒಂದೇ ದರ. ತಮಾಷೆಯೆಂದರೆ ನಲವತ್ತು ವರ್ಷ ದಾಟಿ ಐತಿಹಾಸಿಕ ವಾಹನವೆಂದು ನೋಂದಾಯಿಸಿದ ಬೈಕಿಗೆ ವಿನಾಯಿತಿ. ಎಪ್ಪತ್ತರ ದಶಕದ ಟೂ-ಸ್ಟ್ರೋಕ್ ನೀಲಿ ಹೊಗೆ ಬಿಡುತ್ತಾ ಪುಕ್ಕಟೆಯಾಗಿ ಹೋಗಬಹುದು. ಹಳೆಯ ಬೈಕನ್ನು ಮೆರೆಸಲು ಸಂಗ್ರಹಿಸುವವನು ಬಚಾವ್, ಹಳೆಯದನ್ನು ಬಿಟ್ಟರೆ ಬೇರೆ ಗತಿಯಿಲ್ಲದವನಿಗೆ ದಂಡ. ಬರ್ಮಿಂಗ್‌ಹ್ಯಾಮಿನಲ್ಲೂ ಶುದ್ಧ ಗಾಳಿ ವಲಯವಿದೆ, ಆದರೆ ಅಲ್ಲಿ ಬೈಕಿಗೆ ಶುಲ್ಕವಿಲ್ಲ. ಗಾಳಿ ಎರಡೂ ಕಡೆ ಒಂದೇ, ಮನಸ್ಸು ಬೇರೆ.

1897ರಲ್ಲಿ ತೆರೆದ ಬ್ಲ್ಯಾಕ್‌ವಾಲ್ ಸುರಂಗ ಒಂದು ಶತಮಾನಕ್ಕೂ ಹೆಚ್ಚು ಕಾಲ ಪುಕ್ಕಟೆಯಾಗಿತ್ತು. 2025ರ ಏಪ್ರಿಲ್‌ನಿಂದ ಅದಕ್ಕೂ ಪಕ್ಕದ ಹೊಸ ಸಿಲ್ವರ್‌ಟೌನ್ ಸುರಂಗಕ್ಕೂ ಶುಲ್ಕ: ದಟ್ಟಣೆಯ ಹೊತ್ತಿನಲ್ಲಿ ಬೈಕಿಗೆ 2.50 ಪೌಂಡ್. ಬೆಳಿಗ್ಗೆ ಉತ್ತರಕ್ಕೆ ಹೋಗಿ ಸಂಜೆ ದಕ್ಷಿಣಕ್ಕೆ ಮರಳುವವನಿಗೆ ದಿನಕ್ಕೆ ಐದು ಪೌಂಡ್. ಅದೇ ಥೇಮ್ಸ್ ನದಿಯ ಕೆಳಹರಿವಿನ ಡಾರ್ಟ್‌ಫರ್ಡ್ ದಾಟಲು ಬೈಕಿಗೆ ಶುಲ್ಕವಿಲ್ಲ, ನಗರ ಮಧ್ಯದ ದಟ್ಟಣೆ ಶುಲ್ಕವೂ ಇಲ್ಲ. ಬೈಕು ದಟ್ಟಣೆ ಕಡಿಮೆ ಮಾಡುತ್ತದೆ ಎಂದು ಒಂದು ಕಡೆ ಒಪ್ಪಿಕೊಂಡವರು ಇನ್ನೊಂದು ಕಡೆ ಮರೆಯುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಪಾಲಿಕೆ 2008ರಲ್ಲೇ ಬೈಕ್ ನಿಲುಗಡೆಗೆ ಶುಲ್ಕ ಹಾಕಿತ್ತು. ಸವಾರರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋಗಿ ಸೋತರು.

ಇಲ್ಲಿನ ಸವಾರರಿಗೆ ಹೋರಾಟ ಹೊಸದಲ್ಲ. ಹೆಲ್ಮೆಟ್ ಕಾಯ್ದೆಯ ವಿರುದ್ಧ ಹುಟ್ಟಿದ ಮೋಟಾರ್‌ಸೈಕಲ್ ಆ್ಯಕ್ಷನ್ ಗ್ರೂಪ್ ಇಂದಿಗೂ ಇದೆ. ಫ್ರೆಡ್ ಹಿಲ್ ಎಂಬ ಮುದುಕ ಹೆಲ್ಮೆಟ್ ಹಾಕುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ ಎಂದು ಹಟ ಹಿಡಿದು ಮತ್ತೆ ಮತ್ತೆ ಜೈಲಿಗೆ ಹೋಗಿ, 1984ರ ಫೆಬ್ರವರಿಯಲ್ಲಿ ಜೈಲಿನಲ್ಲಿರುವಾಗಲೇ ತೀರಿಕೊಂಡ. ಹೆಲ್ಮೆಟ್ ವಿಷಯದಲ್ಲಿ ನಾನು ಅವನ ಪಕ್ಷದವನಲ್ಲ. ಆ ಹಟವನ್ನು ತರಬೇತಿಯ ಖರ್ಚಿನ ವಿರುದ್ಧ ಯಾರಾದರೂ ಹಿಡಿದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಪರಿಣಾಮ ಈಗ ಬೀದಿಯಲ್ಲಿದೆ. ಕಾನೂನಿನ ಪ್ರಕಾರ ಎಲೆಕ್ಟ್ರಿಕ್ ಸೈಕಲ್ಲಿಗೆ 250 ವ್ಯಾಟ್ ಮೋಟಾರು, ಗಂಟೆಗೆ 15.5 ಮೈಲಿ ಮಿತಿ. ಲೈಸೆನ್ಸ್ ಬೇಡ, ವಿಮೆ ಬೇಡ, 14 ತುಂಬಿದರೆ ಸಾಕು. ಅದಕ್ಕೆ ದೊಡ್ಡ ಮೋಟಾರು ಸಿಕ್ಕಿಸಿ, ಪೆಡಲ್ ತುಳಿಯದೆ ಮೊಪೆಡ್ಡಿನ ವೇಗದಲ್ಲಿ ಹೋಗುವವರನ್ನು ಯಾವ ಊರಿನಲ್ಲಾದರೂ ನೋಡಬಹುದು. ನಂಬರ್ ಪ್ಲೇಟಿಲ್ಲ, ಹೆಲ್ಮೆಟ್ಟಿಲ್ಲ, ಬ್ರೇಕು ಸೈಕಲ್ಲಿನದು. ಪೊಲೀಸರು ಹಿಡಿದು ಜಪ್ತಿ ಮಾಡುತ್ತಲೇ ಇದ್ದಾರೆ. ಎಲ್ಲರೂ ಪುಂಡರೇನಲ್ಲ, 125 ಸಿಸಿ ಬೈಕಿನ ವಿಮೆಯ ಮೊತ್ತ ನೋಡಿ ಈ ದಾರಿ ಹಿಡಿದವರೂ ಇದ್ದಾರೆ. ಕಾನೂನಿನೊಳಗಿನ ಅಗ್ಗದ ದಾರಿ ಮುಚ್ಚಿ, ಕಾನೂನಿನ ಹೊರಗಿನದನ್ನು ತೆರೆದಿಟ್ಟರೆ ಇನ್ನೇನಾಗುತ್ತದೆ?

ನಾನು ಕೇಳುವುದು ಹೆಚ್ಚೇನಿಲ್ಲ. ಮೇಲಿನ ಮೆಟ್ಟಿಲಿಗೆ ಮರುಪರೀಕ್ಷೆಯ ಬದಲು ಒಂದು ದಿನದ ತರಬೇತಿ ಇಡಲಿ, ರಕ್ಷಾ ಉಡುಪಿನ ವ್ಯಾಟ್ ತೆಗೆಯಲಿ, ಸ್ಕೂಟರಿಗೂ ಕಾರಿಗೂ ಒಂದೇ ಶುಲ್ಕ ಎನ್ನುವ ಸೋಮಾರಿ ಲೆಕ್ಕ ಬಿಡಲಿ.

ಊರಿನಿಂದ ಹೊಸದಾಗಿ ಬರುವವರಿಗೆ ಎರಡು ಮಾತು. ಬೆಂಗಳೂರಿನ ಹೆಲ್ಮೆಟ್ ಹೊತ್ತು ತರಬೇಡಿ, ಐಎಸ್‌ಐ ಗುರುತು ಇಲ್ಲಿ ನಡೆಯುವುದಿಲ್ಲ. ಆ ಹನ್ನೆರಡು ತಿಂಗಳು ಮುಗಿಯುವ ಮೊದಲೇ ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್‌ಗೆ ಅರ್ಜಿ ಹಾಕಿ. ಥಿಯರಿ ಪಾಸಾದರೆ ಅದು ಎರಡು ವರ್ಷ ನಡೆಯುತ್ತದೆ, ಎರಡೂ ಮಾಡ್ಯೂಲನ್ನು ಅಷ್ಟರೊಳಗೆ ಮುಗಿಸಿಕೊಳ್ಳಿ. ವಿದ್ಯಾರ್ಥಿ ವೀಸಾದಲ್ಲಿರುವವರು ಊಟ ತಲುಪಿಸುವ ಕೆಲಸಕ್ಕೆ ಕೈ ಹಾಕಬೇಡಿ. ಅದು ಸ್ವಯಂ ಉದ್ಯೋಗದ ಲೆಕ್ಕ, ವೀಸಾಕ್ಕೇ ಸಂಚಕಾರ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ವಾರಕ್ಕೊಮ್ಮೆ ಚೈನ್ ತೊಳೆದು ಎಣ್ಣೆ ಹಾಕದಿದ್ದರೆ ಕೆಂಪಾಗಿ ಕೂರುತ್ತದೆ. ಕೈಗವಸಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.