‘ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿಬಿಡಿ’ ಎನ್ನುವ ಮಹಾನುಭಾವರಿಗೆ

ಇವತ್ತು ಮೈಯೆಲ್ಲ ಉರಿದುಹೋಗಿದೆ, ಹಾಗಾಗಿ ಬರಹ ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು, ಬೇಸರವಿಲ್ಲ.

ಹೊಟ್ಟೆಪಾಡಿಗೆ ನಾನೇನು ಮಾಡುತ್ತೇನೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡಿಸುವ ಯಂತ್ರಗಳು ಕೆಟ್ಟಾಗ ಏಕೆ ಕೆಟ್ಟವು ಎಂದು ಹುಡುಕುವವನು ನಾನು. ಪಕ್ಕದ ವಿಭಾಗದಲ್ಲಿ ಒಂದು ಡೆಸ್ಕ್‌ಟಾಪ್ ಬಹಳ ಕಾಲದಿಂದ ಕಾಟ ಕೊಡುತ್ತಿತ್ತಂತೆ. ಕೆಲಸ ನಡೆಯುತ್ತಿರುವಾಗಲೇ ಇದ್ದಕ್ಕಿದ್ದಂತೆ ಯಾವ ಫೈಲೂ ಸೇವ್ ಆಗುವುದಿಲ್ಲ. ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ (ಓದಬಹುದು, ಬರೆಯುವಂತಿಲ್ಲ) ಎಂಬ ಸಂದೇಶ ಬರುತ್ತದೆ. ನೋಡಲು ಬಂದ ಪರಿಣತರು ರೀಬೂಟ್ ಮಾಡಿದರು, ಸರಿಹೋಯಿತು. ಮತ್ತೆ ಬಂತು. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರು. ಮತ್ತೆ ಬಂತು. ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ಬೇರೊಂದು ಬಗೆ, ಹಾಕಿದರು. ಮತ್ತೆ ಬಂತು. ಡಿಸ್ಕೇ ಸತ್ತಿದೆ ಎಂದು ತೀರ್ಪು ಕೊಟ್ಟು, ಅದರಲ್ಲಿದ್ದುದಕ್ಕೆಲ್ಲ ಎಳ್ಳುನೀರು ಬಿಟ್ಟು, ಹೊಸ ಡಿಸ್ಕ್ ತರಿಸಿ ಕೂರಿಸಿದರು. ಅದರಲ್ಲೂ ಅದೇ ಸಂದೇಶ. ಕೊನೆಗೆ ನನಗೆ ಬುಲಾವು ಬಂತು. ಅದೂ ಸರಿಪಡಿಸಿ ಎಂದಲ್ಲ, ‘ಲಿನಕ್ಸೇ ಹೀಗೆ ಅಲ್ಲವೇ ಸರ್?’ ಎಂದು ಕೇಳುವುದಕ್ಕೆ.

ಟರ್ಮಿನಲ್ ತೆರೆದು ಡಿಮೆಸೆಜ್ ಎಂಬ ಕಮಾಂಡ್ ಕೊಟ್ಟೆ. ಲಿನಕ್ಸ್‌ನ ತಿರುಳಾದ ಕರ್ನಲ್ ಏನೇನು ಕಂಡಿತೋ ಅದನ್ನೆಲ್ಲ ಸಾಲುಸಾಲಾಗಿ ತೋರಿಸುವ ಕಮಾಂಡ್ ಅದು. ಅಲ್ಲಿ ಎಲ್ಲವೂ ಬರೆದಿತ್ತು. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಹರಿಯುವ ದತ್ತಾಂಶದ ಸಿಆರ್‌ಸಿ (ದಾರಿಯಲ್ಲಿ ಏನಾದರೂ ಕೆಟ್ಟಿತೇ ಎಂದು ನೋಡುವ ಸಂಖ್ಯೆ) ತಾಳೆಯಾಗುತ್ತಿಲ್ಲ ಎಂದು ಒಂದು ಸಾಲು. ಸಂಪರ್ಕವನ್ನು ರೀಸೆಟ್ ಮಾಡುತ್ತಿದ್ದೇನೆ ಎಂದು ಮುಂದಿನ ಸಾಲು. ಹಾಗೂ ಆಗದಾಗ ಡಿಸ್ಕನ್ನು ಜೋಡಿಸುವ ಸಾಟಾ ಸಂಪರ್ಕದ ವೇಗವನ್ನು ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೆ, ಆಮೇಲೆ 1.5ಕ್ಕೆ ಇಳಿಸುತ್ತಿದ್ದೇನೆ ಎಂಬ ಸಾಲುಗಳು. ಪಾಪ, ಕರ್ನಲ್ ತನ್ನ ಕೈಲಾದುದನ್ನೆಲ್ಲ ಮಾಡಿ, ಮಾಡಿದ್ದನ್ನೆಲ್ಲ ಬರೆದಿಟ್ಟು, ಕಡೆಗೆ ಇನ್ನು ಇದರ ಮೇಲೆ ಬರೆದರೆ ಫೈಲ್‌ಗಳು ಹಾಳಾದಾವು ಎಂದು ಬರೆಯುವುದನ್ನೇ ನಿಲ್ಲಿಸಿತ್ತು. ಡೆಬಿಯನ್ ಎಂಬ ಡಿಸ್ಟ್ರೋದ ಇನ್‌ಸ್ಟಾಲರ್, ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಇರುವ ರೂಟ್ (ಮುಖ್ಯ) ವಿಭಾಗಕ್ಕೆ ‘ದೋಷ ಕಂಡರೆ ಓದಲು ಮಾತ್ರ ಬಿಡು’ ಎಂಬ ಆಯ್ಕೆಯನ್ನು ತಾನಾಗಿಯೇ ಬರೆದಿಡುತ್ತದೆ. ಅಂದರೆ ಇವರೆಲ್ಲ ರೋಗ ಎಂದುಕೊಂಡದ್ದು ರಕ್ಷಣೆಯನ್ನು.

ಸ್ಮಾರ್ಟ್‌ಸಿಟಿಎಲ್ ಎಂಬ ಕಮಾಂಡ್ ಹಾಕಿ ಡಿಸ್ಕಿನ ಸ್ವಂತ ದಾಖಲೆಯನ್ನೂ ನೋಡಿದೆ. ಡಿಸ್ಕಿನ ಮೇಲ್ಮೈ ಹಾಳಾಗಿದ್ದರೆ ಏರಬೇಕಾದವು 5 ಮತ್ತು 197 ಎಂಬ ಸಂಖ್ಯೆಯ ಸಾಲುಗಳು: ಬದಲಿಸಿದ ಸೆಕ್ಟರುಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು), ಬದಲಿಗೆ ಕಾದಿರುವ ಸೆಕ್ಟರುಗಳು. ಎರಡೂ ಸೊನ್ನೆ. ಏರಿದ್ದು 199ನೆಯದು, ಅಂದರೆ ಸಾಗಣೆಯ ದಾರಿಯಲ್ಲಿ ಆದ ಸಿಆರ್‌ಸಿ ತಪ್ಪುಗಳ ಎಣಿಕೆ. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ‘ಸತ್ತ’ ಡಿಸ್ಕನ್ನು ತಂದು ಬೇರೆ ಯಂತ್ರಕ್ಕೆ ಜೋಡಿಸಿದರೆ ಅದರಲ್ಲೂ ಹಾಗೆಯೇ: 5 ಸೊನ್ನೆ, 197 ಸೊನ್ನೆ, 199 ಮಾತ್ರ ದೊಡ್ಡ ಸಂಖ್ಯೆ. ಡಬ್ಬಿಯ ಪಕ್ಕದ ತಗಡು ಬಿಚ್ಚಿ ನೋಡಿದರೆ, ಸಾಟಾ ಕೇಬಲ್ಲು ಕನೆಕ್ಟರಿನ ಬುಡದಲ್ಲೇ ಮಡಿಚಿಕೊಂಡಿದೆ. ತಗಡು ಮುಚ್ಚಿದಾಗಲೆಲ್ಲ ಅದು ಒತ್ತುತ್ತದೆ. ಒತ್ತಿದ ಜಾಗದಲ್ಲಿ ಹೊರಕವಚ ಬಿಳಿಚಿಕೊಂಡಿತ್ತು. ಕೇಬಲ್ ಬದಲಿಸಿದೆ. ಆ ಎಣಿಕೆ ಎಂದೂ ಇಳಿಯುವುದಿಲ್ಲ, ಆದರೆ ಈಗ ಏರುವುದೂ ನಿಂತಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಗೆ ಬರೆ ಹಾಕಿದ್ದಷ್ಟೇ ಅಲ್ಲ, ಎಮ್ಮೆಯನ್ನೇ ಬದಲಿಸಿ ಹೊಸ ಎಮ್ಮೆಗೂ ಬರೆ ಹಾಕಿದ್ದರು.

ತಪ್ಪಾದದ್ದಕ್ಕೆ ನನಗೆ ಕೋಪವಿಲ್ಲ. ಕೇಬಲ್ಲಿನ ದೋಷ ಯಾರಿಗೂ ಥಟ್ಟನೆ ಹೊಳೆಯುವುದಲ್ಲ. ನನ್ನ ಕೋಪ ಇರುವುದು ಅಳಿಸುವುದರ ಮೇಲೆ. ಒಂದು ಯಂತ್ರ ತನಗೇನಾಗಿದೆ ಎಂದು ಬರೆದಿಟ್ಟಿರುವಾಗ, ಅದನ್ನು ಓದುವ ಗೋಜಿಗೇ ಹೋಗದೆ ಬರೆದ ಹಾಳೆಯನ್ನೇ ಸುಟ್ಟುಹಾಕುವುದಕ್ಕೆ ನಮ್ಮಲ್ಲಿ ‘ಟ್ರಬಲ್‌ಶೂಟಿಂಗ್’ ಎಂಬ ಮರ್ಯಾದೆಯ ಹೆಸರಿದೆ. ಅದರಲ್ಲೂ ಈ ಪ್ರಕರಣದಲ್ಲಿ ರೀಬೂಟ್ ಎಂಬುದು ಎಂಥ ಕೆಲಸ ಎಂದು ಸ್ವಲ್ಪ ಯೋಚಿಸಿ. ಕರ್ನಲ್ ತನ್ನ ಸಂದೇಶಗಳನ್ನು ಮೊದಲು ಇಟ್ಟುಕೊಳ್ಳುವುದು ಮೆಮೊರಿಯಲ್ಲಿರುವ ಒಂದು ಬಫರಿನಲ್ಲಿ. ಅಲ್ಲಿಂದ ಲಾಗ್ ಸೇವೆ ಅವನ್ನು ಎತ್ತಿ ಡಿಸ್ಕಿಗೆ ಬರೆಯಬೇಕು. ಆದರೆ ಡಿಸ್ಕು ರೀಡ್-ಓನ್ಲಿ ಆದ ಕ್ಷಣದಿಂದ ಅದಕ್ಕೆ ಬರೆಯಲು ಜಾಗವೆಲ್ಲಿ? ನಮಗೆ ಬೇಕಾದ ಕೊನೆಯ ಸಾಲುಗಳು ಮೆಮೊರಿಯಲ್ಲಿ ಮಾತ್ರ ಉಳಿದಿರುತ್ತವೆ. ಆಗ ರೀಬೂಟ್ ಒತ್ತಿದವನು ಇದ್ದ ಒಂದೇ ಒಂದು ಪ್ರತಿಯನ್ನು ತನ್ನ ಕೈಯಾರೆ ಒರೆಸಿಹಾಕುತ್ತಾನೆ. ಒರೆಸಿದ ಮೇಲೆ ‘ಲಾಗ್‌ನಲ್ಲಿ ಏನೂ ಇಲ್ಲ ಸರ್’ ಎನ್ನುತ್ತಾನೆ. ಇರುವುದಾದರೂ ಹೇಗೆ ಸ್ವಾಮಿ? ಡಿಮೆಸೆಜ್ ಕೊಟ್ಟದ್ದನ್ನು ಪೆನ್‌ಡ್ರೈವಿಗೋ ನೆಟ್‌ವರ್ಕಿನ ಇನ್ನೊಂದು ಯಂತ್ರಕ್ಕೋ ಕಳಿಸಿದ ಮೇಲೆ ಬೇಕಾದರೆ ರೀಬೂಟ್ ಮಾಡಿ, ಯಾರು ಬೇಡ ಎಂದರು? ಅದೂ ಆಗದಿದ್ದರೆ ಮೊಬೈಲಿನಲ್ಲಿ ಪರದೆಯ ಫೋಟೊವನ್ನಾದರೂ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಬಗೆಯೂ ಇದೆ. ಡಿಸ್ಕ್ ತುಂಬಿದೆ ಎಂಬ ದೂರು. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಹಾಕಿದರೆ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ. ಡಿಯು ಹಾಕಿ ಫೈಲ್‌ಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ‘ಫೈಲ್ ಸಿಸ್ಟಮ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ’ ಎನ್ನುವವರು ಕೂಡಲೇ ಹಾಜರ್. ಯುನಿಕ್ಸ್‌ನಲ್ಲಿ (ಲಿನಕ್ಸ್ ಅನುಸರಿಸುವ ಹಳೆಯ ವ್ಯವಸ್ಥೆ ಅದು) ಫೈಲನ್ನು ಅಳಿಸಿದರೆ ಅಳಿಯುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಮ್ ಅದನ್ನು ತೆರೆದು ಹಿಡಿದುಕೊಂಡಿದ್ದರೆ, ಅದು ಬಿಡುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಯಾರೋ ಬೃಹತ್ ಲಾಗ್ ಫೈಲೊಂದನ್ನು ಅಳಿಸಿರುತ್ತಾರೆ, ಅದನ್ನು ಬರೆಯುತ್ತಿದ್ದ ಸೇವೆ ಮಾತ್ರ ಕಣ್ಣಿಗೆ ಕಾಣದ ಆ ಫೈಲಿಗೆ ಬರೆಯುತ್ತಲೇ ಇರುತ್ತದೆ. ಎಲ್‌ಎಸ್‌ಓಎಫ್ ಎಂಬ ಕಮಾಂಡ್ ಆ ಸೇವೆ ಯಾವುದೆಂದು ಬೆರಳಿಟ್ಟು ತೋರಿಸುತ್ತದೆ. ಅದೊಂದನ್ನು ಮರುಪ್ರಾರಂಭಿಸಿದರೆ ಮುಗಿಯಿತು. ಫಾರ್ಮ್ಯಾಟ್ ಮಾಡಿದರೂ ಜಾಗ ಸಿಗುತ್ತದೆ, ನಿಜ. ಆಗ ಫಾರ್ಮ್ಯಾಟ್ ಮಾಡಿದವನ ಕೀರ್ತಿ ದಿಕ್ಕುದಿಕ್ಕಿಗೂ ಹರಡುತ್ತದೆ, ಸೇವೆ ಮತ್ತೆ ಡಿಸ್ಕ್ ತುಂಬಿಸುವವರೆಗೆ. (ಜಾಗವಿದ್ದೂ ಐನೋಡ್‌ಗಳು, ಅಂದರೆ ಫೈಲಿಗೊಂದರಂತೆ ಬೇಕಾದ ದಾಖಲೆಗಳು, ಮುಗಿದು ‘ಜಾಗವಿಲ್ಲ’ ಎನ್ನುವ ಪ್ರಸಂಗವೂ ಇದೆ. ಡಿಎಫ್‌ಗೆ ‘ಐ’ ಎಂಬ ಒಂದೇ ಅಕ್ಷರ ಸೇರಿಸಿದರೆ ತಿಳಿಯುತ್ತದೆ. ಒಂದು ಅಕ್ಷರ ಒತ್ತುವುದಕ್ಕಿಂತ ಯಂತ್ರವನ್ನೇ ಮತ್ತೆ ಕಟ್ಟುವುದು ಸುಲಭ ಎನ್ನುವವರಿಗೆ ನನ್ನ ನಮಸ್ಕಾರ.)

ಒಂದು ಗುಟ್ಟು ಹೇಳುತ್ತೇನೆ, ನನ್ನ ಮೇಲಧಿಕಾರಿಗಳು ಓದದಿದ್ದರೆ ಒಳ್ಳೆಯದು. ಯಂತ್ರ ಕೆಟ್ಟಿದೆ ಎಂದು ಕರೆ ಬಂದರೆ ನನಗೆ ಒಳಗೊಳಗೇ ಖುಷಿ. ಮುಖ ಗಂಭೀರವಾಗಿ ಇಟ್ಟುಕೊಂಡು ಹೋಗುತ್ತೇನೆ, ಅಷ್ಟೇ. ನನಗೆ ನಿಜವಾಗಿ ಸಂಕಟವಾಗುವುದು ದೋಷ ತಾನಾಗಿಯೇ ಮಾಯವಾದಾಗ. ‘ಈಗ ಸರಿಯಾಗಿದೆ, ಬರುವುದು ಬೇಡ’ ಎಂದು ಸಂದೇಶ ಬಂದರೆ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನನಗೆ ಆ ರಾತ್ರಿ ನಿದ್ದೆ ಇಲ್ಲ. ಮನೆಯವರು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯಲಾರೆ.

ಇಷ್ಟೆಲ್ಲ ಹೇಳಿದಾಗ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ: ‘ಆ ಸಂದೇಶಗಳು ಮನುಷ್ಯರಿಗೆ ಅರ್ಥವಾಗುವಂತೆ ಇರುತ್ತವೆಯೇ?’ ಇದರಲ್ಲಿ ಹುರುಳಿದೆ, ಇಲ್ಲವೆನ್ನಲಾರೆ. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ. ಅದರ ಹಳೆಯ ಎಡಿಟರ್ ‘ಎಡ್’, ನೀವು ಏನೇ ತಪ್ಪು ಮಾಡಿದರೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮುದ್ರಿಸಿ ಸುಮ್ಮನಾಗುತ್ತಿತ್ತು. ಈಗಲೂ ಹಾಗೆಯೇ ಇದೆ, ಹಾಕಿ ನೋಡಿ. ಪ್ರಿಂಟರ್ ಡ್ರೈವರ್ ಒಂದು ‘ಪ್ರಿಂಟರಿಗೆ ಬೆಂಕಿ ಬಿದ್ದಿದೆ’ ಎಂದು ವರದಿ ಮಾಡುತ್ತಿತ್ತು. 25ನೆಯ ದೋಷಸಂಖ್ಯೆಯ ಹಳೆಯ ಪಠ್ಯವಂತೂ ‘ಇದು ಟೈಪ್‌ರೈಟರ್ ಅಲ್ಲ’ ಎಂದು. ಟೈಪ್‌ರೈಟರಿಗೂ ತಮಗೂ ಸಂಬಂಧವೇ ಇಲ್ಲದ ಎಷ್ಟು ಜನ ಅದನ್ನು ಓದಿ ಕಂಗಾಲಾಗಿದ್ದಾರೋ. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ತಂದು ಓಡಿಸಿದರೆ, ಕಣ್ಣೆದುರೇ ಇರುವ ಫೈಲನ್ನು ‘ಅಂಥ ಫೈಲ್ ಇಲ್ಲ’ ಎನ್ನುವುದುಂಟು. ಸ್ಕ್ರಿಪ್ಟನ್ನು ಓಡಿಸುವ ಪ್ರೋಗ್ರಾಮಿನ (ಇಂಟರ್‌ಪ್ರಿಟರಿನ) ಹೆಸರಿರುವ ಮೊದಲ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿರುತ್ತದೆ, ಇಲ್ಲವೆಂದು ಅದು ಹೇಳುತ್ತಿರುವುದು ಸ್ಕ್ರಿಪ್ಟನ್ನಲ್ಲ, ಅದನ್ನು ಓಡಿಸಬೇಕಾದ ಇಂಟರ್‌ಪ್ರಿಟರನ್ನು. ಇದನ್ನು ಬರೆದವರ ಮೇಲೆ ನನಗೂ ಸಿಟ್ಟಿದೆ.

ಆದರೆ ಅರ್ಥವಾಗದ್ದು ಬೇರೆ, ಓದದೆ ಇರುವುದು ಬೇರೆ. ಆ ಡೆಸ್ಕ್‌ಟಾಪಿನ ಮುಂದೆ ಕುಳಿತವರಲ್ಲಿ ಯಾರೂ ಸಂದೇಶ ಅರ್ಥವಾಗದೆ ಸೋತವರಲ್ಲ. ಅರ್ಥ ಮಾಡಿಕೊಳ್ಳುವ ಹಂತಕ್ಕೇ ಅವರು ಬರಲಿಲ್ಲ. ಆ ಸಾಲನ್ನು ಹಾಗೆಯೇ ನಕಲಿಸಿ ಹುಡುಕಿದ್ದರೆ ಸಾಕಿತ್ತು, ಕೇಬಲ್ ನೋಡಿ ಎಂದು ಹೇಳುವವರು ಸಾಲುಗಟ್ಟಿ ನಿಂತಿದ್ದಾರೆ.

ಎರಡನೆಯ ಆಕ್ಷೇಪ ಇನ್ನೂ ಜಾಣತನದ್ದು. ‘ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಲ್ಲೇ ಕೆಟ್ಟ ಸರ್ವರನ್ನು ಎಸೆದು ಹೊಸದನ್ನು ಎಬ್ಬಿಸುತ್ತಾರೆ, ನೀವೇನು ಹಳೇ ಕಾಲದವರಂತೆ ಒಂದು ಯಂತ್ರದ ಮುಂದೆ ಧ್ಯಾನಕ್ಕೆ ಕೂರುತ್ತೀರಿ?’ ಎಸೆಯುತ್ತಾರೆ, ನಿಜ. ಆದರೆ ಅವರ ಲಾಗ್‌ಗಳು ಅದಕ್ಕೆ ಮೊದಲೇ ಬೇರೊಂದು ಕಡೆ ಹೋಗಿ ಸೇರಿರುತ್ತವೆ. ಸರ್ವರ್ ಸತ್ತರೂ ಅದು ಏಕೆ ಸತ್ತಿತು ಎಂಬುದು ಉಳಿದಿರುತ್ತದೆ. ಇವರು ಮಾಡಿದ್ದು ಆ ವ್ಯವಸ್ಥೆಯ ಎಸೆಯುವ ಭಾಗವನ್ನಷ್ಟೇ ಕಲಿತದ್ದು. ಇನ್ನು ಸಮಯವಿಲ್ಲ ಎಂಬ ವಾದವನ್ನು ನಾನು ಕೇಳಿಸಿಕೊಳ್ಳುವುದೂ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಇಳಿಸಿ, ಪ್ರಿಂಟರ್ ಜೋಡಿಸಿ, ಪಾಸ್‌ವರ್ಡ್‌ಗಳನ್ನೆಲ್ಲ ಮತ್ತೆ ಹಾಕುವುದಕ್ಕೆ ಸಮಯ ಇತ್ತಲ್ಲ, ಅದೂ ಮೇಲಿಂದ ಮೇಲೆ!

ಇವರ ದಾಯಾದಿಗಳು ಇನ್ನೊಬ್ಬರಿದ್ದಾರೆ, 777ರ ಭಕ್ತರು. ಅನುಮತಿ ಇಲ್ಲ ಎಂಬ ಸಂದೇಶ ಕಂಡೊಡನೆ, ಯಾರಿಗೆ ಇಲ್ಲ, ಯಾವುದಕ್ಕೆ ಇಲ್ಲ ಎಂದು ಕೇಳದೆ ಸಿಎಚ್‌ಮಾಡ್ 777 ಹೊಡೆದು ಎಲ್ಲರಿಗೂ ಎಲ್ಲವನ್ನೂ ತೆರೆದಿಡುವವರು. ಒಬ್ಬ ಪುಣ್ಯಾತ್ಮ ಇದನ್ನು ಎಲ್ಲ ಫೈಲ್‌ಗಳ ಬೇರಾದ ರೂಟ್ ಡೈರೆಕ್ಟರಿಯಿಂದಲೇ, ಒಳಗಿನದೆಲ್ಲಕ್ಕೂ ಅನ್ವಯಿಸುವಂತೆ ಕೊಟ್ಟಿದ್ದ. ಪರಿಣಾಮವೇನು? ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ತನ್ನ ಖಾಸಗಿ ಕೀಲಿಯನ್ನು ಊರೆಲ್ಲ ಓದಬಹುದಾದರೆ ಅದನ್ನು ಮುಟ್ಟುವುದೇ ಇಲ್ಲ. ಆಡಳಿತಗಾರನ ಅಧಿಕಾರದಿಂದ ಕಮಾಂಡ್ ಓಡಿಸುವ ಸುಡೊಗೆ ಆ ಅಧಿಕಾರ ಕೊಡುವ ಸೆಟ್‌ಯುಐಡಿ ಗುರುತು 777ರ ಹೊಡೆತಕ್ಕೆ ಅಳಿದುಹೋಗುತ್ತದೆ, ಆಮೇಲೆ ಅದೂ ಕೈ ಎತ್ತುತ್ತದೆ. ಎಲ್ಲ ಬಾಗಿಲನ್ನೂ ತೆರೆಯಹೋಗಿ ಒಳಗೆ ಹೋಗಲು ಇದ್ದ ಬಾಗಿಲನ್ನೇ ಮುಚ್ಚಿಕೊಂಡ. ಮುಂದೇನು ಎಂದು ಕೇಳಿದೆ. ‘ರೀಇನ್‌ಸ್ಟಾಲ್’ ಎಂದ, ಒಂದಿಷ್ಟೂ ಮುಖ ಬಾಡದೆ.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಹಳಸಿದ ಜಗಳ. ಹಾರ್ಡ್‌ವೇರಿಗೆ ಬೇಕಾದ ಫರ್ಮ್‌ವೇರ್ (ಅದರೊಳಗೇ ಓಡುವ ಸಾಫ್ಟ್‌ವೇರ್) ಸಿಗಲಿಲ್ಲ ಎಂದು ಕರ್ನಲ್ ಫೈಲಿನ ಹೆಸರು ಸಮೇತ ಬರೆದಿರುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಆ ಫರ್ಮ್‌ವೇರ್‌ಗಳು ಅಧಿಕೃತ ಇನ್‌ಸ್ಟಾಲರಿನ ಜೊತೆಗೇ ಬರುತ್ತಿವೆ. ಆದ್ದರಿಂದ ಹತ್ತು ವರ್ಷ ಹಳೆಯ ಸಲಹೆಗಳನ್ನು ಹುಡುಕಿ ತೆಗೆದು ಅವರಿವರಿಗೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಈಗ ನಡೆಯುತ್ತಿರುವ ಕಥೆ ಕೇಳಿ. ಅದೇ ತಂಡದವರ ಕೈಯಲ್ಲಿ ಈಗ ಒಂದು ಲ್ಯಾಪ್‌ಟಾಪ್ ಇದೆ. ಪ್ರೋಗ್ರಾಮುಗಳು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತವೆ, ಸೆಗ್‌ಫಾಲ್ಟ್ (ಮೆಮೊರಿಯ ತಪ್ಪು ಜಾಗಕ್ಕೆ ಕೈಹಾಕಿದ ದೋಷ) ಎನ್ನುತ್ತವೆ. ಒಮ್ಮೆ ಬ್ರೌಸರ್, ಒಮ್ಮೆ ಟರ್ಮಿನಲ್, ಒಮ್ಮೆ ದೊಡ್ಡ ಫೈಲೊಂದನ್ನು ಬಿಡಿಸುವಾಗ. ಒಂದೇ ಪ್ರೋಗ್ರಾಮ್ ಪ್ರತಿ ಸಲ ಒಂದೇ ಜಾಗದಲ್ಲಿ ಬಿದ್ದರೆ ಪ್ರೋಗ್ರಾಮಿನ ದೋಷ ಇರಬಹುದು. ಸಂಬಂಧವೇ ಇಲ್ಲದವು ಮನಬಂದಂತೆ ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೆಮೊರಿಯನ್ನು. ದೊಡ್ಡ ಕಂಪೈಲ್ ನಡುವೆ 11ನೆಯ ಸಿಗ್ನಲ್ (ಅದೇ ಸೆಗ್‌ಫಾಲ್ಟ್) ಬಂದರೆ ರ‍್ಯಾಮ್ ನೋಡು ಎಂಬುದು ಲಿನಕ್ಸ್ ಬಳಸುವವರಲ್ಲಿ ತಲೆಮಾರಿನಿಂದ ಬಂದ ಮಾತು. ಇವರು ಏನು ಮಾಡಿದರು ಎಂದು ನಾನು ಹೇಳಬೇಕೇ? ಇನ್‌ಸ್ಟಾಲ್ ಮಾಡಲು ಹೊರಟರು, ಇನ್‌ಸ್ಟಾಲರೇ ನಡುದಾರಿಯಲ್ಲಿ ಕುಸಿಯಿತು. ಇನ್‌ಸ್ಟಾಲರ್ ಇರುವ ಐಎಸ್‌ಓ ಫೈಲ್ ಕೆಟ್ಟಿದೆ ಎಂದು ಮತ್ತೆ ಇಳಿಸಿಕೊಂಡರು. ಫೈಲ್ ಸರಿಯಿದೆಯೇ ಎಂದು ನೋಡುವ ಚೆಕ್‌ಸಮ್ ಒಮ್ಮೆ ತಾಳೆಯಾಯಿತಂತೆ, ಇನ್ನೊಮ್ಮೆ ಆಗಲಿಲ್ಲವಂತೆ, ಅದೇ ಫೈಲು! ಅಷ್ಟಾದರೂ ಯಾರಿಗೂ ಏನೂ ಅನ್ನಿಸಲಿಲ್ಲ; ಆ ಡಿಸ್ಟ್ರೋ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬಂದು ಈಗ ಬೇರೊಂದನ್ನು ಇಳಿಸಿಕೊಳ್ಳುತ್ತಿದ್ದಾರೆ. ಅವರ ಕೈಯಲ್ಲಿರುವ ಪೆನ್‌ಡ್ರೈವಿನ ಬೂಟ್ ಮೆನುವಿನಲ್ಲಿ, ಇನ್‌ಸ್ಟಾಲ್ ಎಂಬುದರ ಕೆಳಗೇ, ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಎಂದು ಒಂದು ಸಾಲಿದೆ. ಅದನ್ನು ಒತ್ತಿ ರಾತ್ರಿಯಿಡೀ ಬಿಡಿ ಎಂದು ಸಂಜೆಯೇ ಸಂದೇಶ ಕಳಿಸಿದ್ದೇನೆ. ನೋಡಿದ್ದಾರೆ, ನೀಲಿ ಗುರುತು ಬಂದಿದೆ, ಉತ್ತರವಿಲ್ಲ.