ಅರ್ಧ ಟ್ಯಾಂಕಿನ ಭರವಸೆ

ನನ್ನ ಸೋದರಮಾವ ತಮ್ಮ 1965ರ ಎಂಜಿಬಿ ಸ್ಪೋರ್ಟ್ಸ್ ಕಾರನ್ನು ನನಗೆ ಒಪ್ಪಿಸುವಾಗ, ‘ಓಡುತ್ತಿದ್ದ ಗಾಡಿಯನ್ನೇ ನಿಲ್ಲಿಸಿದ್ದಪ್ಪ, ಒಂದು ಬ್ಯಾಟರಿ ಹಾಕಿದರೆ ಸಾಕು’ ಎಂದಿದ್ದರು. ನಿಲ್ಲಿಸಿ 32 ವರ್ಷಗಳಾಗಿದ್ದವು ಎಂಬುದನ್ನು ಬಿಟ್ಟರೆ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಸಣ್ಣದೊಂದು ತಪ್ಪಿತ್ತು: ಆ ಕಾಲದ ಎಂಜಿಬಿಗೆ ಬೇಕಾದದ್ದು ಒಂದು ಬ್ಯಾಟರಿಯಲ್ಲ, ಸೀಟುಗಳ ಹಿಂದೆ ಕೂರುವ 6 ವೋಲ್ಟಿನ ಎರಡು ಬ್ಯಾಟರಿಗಳು.

ನಿಂತ ಗಾಡಿ ನಿಂತಂತೆಯೇ ಇರುತ್ತದೆ ಎಂದು ನಾನು ನಂಬಿದ್ದೆ. ಹೊದಿಕೆ ತೆಗೆದು ನೋಡಿದರೆ, ಪೆಟ್ರೋಲು ಅರಗಿನಂತೆ ಗಟ್ಟಿಯಾಗತೊಡಗಿತ್ತು, ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳಿಗೆ ತುಕ್ಕು ಹಿಡಿಸಿತ್ತು, ಪಿಸ್ಟನ್ ರಿಂಗುಗಳು ಎಂಜಿನ್ನಿನ ಗೋಡೆಗೂ ಕ್ಲಚ್ ಪ್ಲೇಟು ಫ್ಲೈವೀಲಿಗೂ ಅಂಟಿಕೊಂಡಿದ್ದವು; ಒಂದರಿಂದೊಂದು ಬಿಡಿಯಾಗಿ ಓಡಾಡಬೇಕಿದ್ದ ಭಾಗಗಳೆಲ್ಲ ಸೇರಿ ಅವಿಭಕ್ತ ಕುಟುಂಬವಾಗಿದ್ದವು. ಬ್ರೇಕನ್ನು ಮೆಕ್ಯಾನಿಕ್ಕರಿಗೆ ವಹಿಸಿ, ಉಳಿದದ್ದಕ್ಕೆ ನಾನೇ ಕೈಹಾಕಿದೆ.

ಚಕ್ರ ಬಿಚ್ಚುವುದರಲ್ಲೇ ಅರ್ಧ ದಿನ ಹೋಯಿತು. ತಂತಿ ಕಡ್ಡಿಗಳ ಆ ಚಕ್ರವನ್ನು ನಡುವಿನ ಒಂದೇ ದೊಡ್ಡ ನಟ್ಟು ಹಿಡಿದಿರುತ್ತದೆ. ಅದನ್ನು ಸುತ್ತಿಗೆಯಿಂದ ಬಡಿದು ತಿರುಗಿಸಬೇಕು. ಬೆವರು ಸುರಿಸಿ ಬಡಿದ ಮೇಲೆ, ಒರಸಿದ ಕೊಳೆಯ ಅಡಿಯಿಂದ ಬಿಚ್ಚುವ ದಿಕ್ಕಿನ ಬಾಣದ ಗುರುತು ಕಾಣಿಸಿತು. ಕಾರಿನ ಎಡ ಬಲಗಳಿಗೆ ತಿರುಪಿನ ದಿಕ್ಕು ಬೇರೆ ಬೇರೆಯಂತೆ. ನಾನು ಅಲ್ಲಿಯವರೆಗೆ ಅದನ್ನು ಬಿಗಿ ಮಾಡುತ್ತಿದ್ದೆ.

ಮಾರ್ಗದರ್ಶಿ ಪುಸ್ತಕವನ್ನು ನೋಡಬಾರದಿತ್ತೆ ಎಂದು ನೀವು ಕೇಳಬಹುದು. ನೋಡಿದೆ. ಏರ್ ಫಿಲ್ಟರಿನೊಳಗೆ ಸಂಸಾರ ಹೂಡಿದ್ದ ಇಲಿಗಳು ಅದರ ವಿದ್ಯುತ್ ವ್ಯವಸ್ಥೆಯ ಅಧ್ಯಾಯವನ್ನು ಹಾಸಿಗೆ ಮಾಡಿಕೊಂಡಿದ್ದವು. ಹೀಗಾಗಿ, ಈಗಿನ ಕಾರುಗಳಂತೆ ಬ್ಯಾಟರಿಯ ಋಣ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸಿದೆ. 1967ರವರೆಗಿನ ಎಂಜಿಬಿಗಳಲ್ಲಿ ಮೈಗೆ ಸೇರುವುದು ಧನ ತುದಿ. ಸ್ಟಾರ್ಟರ್ ಮೋಟಾರಿಗೆ ಮಾತ್ರ ಈ ಭೇದಭಾವವಿಲ್ಲ. ತಂತಿ ಅದಲುಬದಲಾದರೂ ಅದು ಅದೇ ದಿಕ್ಕಿಗೆ ತಿರುಗುತ್ತದೆ. ಅದರ ಗುರುಗುರು ಕೇಳಿ, ಎಲ್ಲವೂ ಸರಿಯಾಗಿದೆ ಎಂದು ಹಿಗ್ಗಿ, ಹಳೆಯ ರೇಡಿಯೋ ಹಾಕಿದೆ. ಹಾಡಿನ ಬದಲು ಹೊಗೆ ಬಂದಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ, ‘ಏನ್ರೀ ಇದು, ಯಾವ ಸ್ಟೇಷನ್ನು?’ ಎಂದು ಕೇಳಿದಳು.

ಪ್ಲಗ್ಗುಗಳ ರಂಧ್ರದಲ್ಲಿ ಎರಡು ವಾರ ಎಣ್ಣೆ ನೆನೆಸಿದ್ದರಿಂದ ಪಿಸ್ಟನ್ನುಗಳು ಅದಾಗಲೇ ಸಡಿಲಗೊಂಡಿದ್ದವು; ತಂತಿಗಳನ್ನು ತಿದ್ದಿದ ಮರುದಿನ 1798 ಸಿಸಿಯ ಆ ಎಂಜಿನ್ನು ಕೆಮ್ಮಿ, ಸೀನಿ, ಎದ್ದಿತು. ಕ್ಲಚ್ಚು ಮಾತ್ರ ಬಿಡಲಿಲ್ಲ. ಗೇರಿನಲ್ಲಿಟ್ಟೇ ಚಾಲೂ ಮಾಡಿ, ಕಪ್ಪೆಯಂತೆ ನೆಗೆಯುತ್ತ ಖಾಲಿ ರಸ್ತೆಗೆ ಬಂದು, ಕ್ಲಚ್ಚು ತುಳಿದೇ ಬ್ರೇಕ್ ಒತ್ತಿದಾಗ ‘ಠಪ್’ ಎಂದು ಬಿಡಿಸಿಕೊಂಡಿತು. ಆ ಸಂತೋಷದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟೆ. ಕೆಟ್ಟ ಪೆಟ್ರೋಲನ್ನು ತಳದ ತಿರುಪು ಬಿಚ್ಚಿ ಹರಿಸಿ, ಎರಡು ಲೀಟರು ಹೊಸದು ಹಾಕಿದ್ದೆನಷ್ಟೆ. ಆದರೂ ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತು. ತೋರಿಸುವ ಔದಾರ್ಯವನ್ನು ನಾನೇಕೆ ಪ್ರಶ್ನಿಸಲಿ?

ಒಂದು ತಿರುವು ದಾಟಿದ ಮೇಲೆ ಕಾರು ನಿಂತಿತು. ಹಿಂದಿನಿಂದ ಪೆಟ್ರೋಲ್ ಪಂಪು ಟಕಟಕ ಎಂದು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಕಾರ್ಬ್ಯುರೇಟರು ತುಂಬಿದ್ದರೆ ಅದು ಆಗೊಮ್ಮೆ ಈಗೊಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ. ಹೀಗೆ ಬಡಿದುಕೊಂಡರೆ ಎಳೆಯಲು ಪೆಟ್ರೋಲಿಲ್ಲವೆಂದು ಅರ್ಥ. ಮುಳ್ಳು ಅರ್ಧದಲ್ಲೇ ಇತ್ತು. ಮುಳ್ಳನ್ನು ಆಡಿಸುವ, ಟ್ಯಾಂಕಿನೊಳಗಿನ ತೇಲುಗುಂಡು ಹಳೆಯ ಅಂಟಿನಲ್ಲಿ ಕಚ್ಚಿಕೊಂಡಿರುವುದು ಆಗ ಹೊಳೆಯಿತು. ಅವಳು ಸ್ಟೀರಿಂಗ್ ಹಿಡಿದಳು, ನಾನು ಹಿಂದಿನಿಂದ ನೂಕಿದೆ.

ರಾತ್ರಿ ಮಾವನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, ‘ಹೌದಪ್ಪ, ಅರ್ಧ ಟ್ಯಾಂಕು ಇದ್ದಾಗಲೇ ನಿಲ್ಲಿಸಿದ್ದೆ’ ಎಂದರು.