ಹುರುಳಿಕಾಳಿನ ಡಬ್ಬಿ ಮುಚ್ಚಿಡಬೇಡ ಕಣೋ

ಇವತ್ತು ಬೆಳಗ್ಗೆ ಜಿಮ್ಮಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ.

21 ವರ್ಷದ ಹುಡುಗ. ಪಾರ್ಸೆಲ್ ಹಂಚುವ ಕೆಲಸ. ಡೆಡ್‌ಲಿಫ್ಟ್ ಮುಗಿಸಿ ಮೂಲೆಯಲ್ಲಿ ಕೂತು ಸ್ಟೀಲ್ ಡಬ್ಬಿ ತೆಗೆದ. ಮೊಳಕೆ ಕಟ್ಟಿದ ಹುರುಳಿಕಾಳಿನ ಉಸ್ಲಿ, ಮೇಲೆ ಕಾಯಿತುರಿ. ಒಗ್ಗರಣೆ ಘಮಕ್ಕೇ ನನಗೆ ಹಸಿವಾಯಿತು. ಅಷ್ಟರಲ್ಲಿ ಟ್ರೈನರ್ ಬಂದು, "ಇದೆಲ್ಲ ತಿಂದ್ರೆ ಬಾಡಿ ಆಗಲ್ಲ ಗುರು, ಪ್ರೋಟೀನ್ ಪೌಡರ್ ತಗೋ ಅಂದಿದ್ನಲ್ಲ" ಅಂದ. ಹುಡುಗ ಒಂದು ತುತ್ತೂ ತಿನ್ನದೆ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಣ್ಣ, ಆ ಪೌಡರ್ ಕಂತಲ್ಲಿ ಸಿಗುತ್ತಾ?"

ಹೊಟ್ಟೆಗೆ ತಿನ್ನೋದಕ್ಕೆ ಕಂತು! ಅಮ್ಮ ಕಟ್ಟಿಕೊಟ್ಟ ಡಬ್ಬಿ ಬ್ಯಾಗಲ್ಲಿ ಇರುವಾಗ!

ನಾನೂ ಎಷ್ಟೋ ವರ್ಷದಿಂದ ತೂಕ ಎತ್ತುತ್ತಿದ್ದೇನೆ. ಲೆಕ್ಕ ಕಷ್ಟದ್ದಲ್ಲ. ತೂಕ ಎತ್ತುವವರಿಗೆ ಮೈತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್ ಇದ್ದರೆ ಸಾಕು. ಹುಡುಗ 62 ಕೆಜಿ ಇದ್ದಾನೆ, ಅಂದರೆ ದಿನಕ್ಕೆ ಹೆಚ್ಚುಕಮ್ಮಿ 100 ಗ್ರಾಂ. 4 ಮೊಟ್ಟೆಯಲ್ಲಿ 24 ಬಂತು. ಅರ್ಧ ಲೀಟರ್ ಹಾಲಲ್ಲಿ 16. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26. ಅವನು ನಾಚಿಕೊಂಡು ಮುಚ್ಚಿಟ್ಟನಲ್ಲ, ಆ ಹುರುಳಿಕಾಳು ಒಣಗಿದ್ದಾಗ 50 ಗ್ರಾಂ ಅಂದುಕೊಂಡರೂ 11. ಒಂದು ಹಿಡಿ ಹುರಿದ ಕಡ್ಲೆಕಾಯಿಬೀಜದಲ್ಲಿ 7. ಉಳಿದದ್ದು ಅನ್ನ, ಮುದ್ದೆ, ಸಾರಲ್ಲೇ ಬರುತ್ತದೆ. ಅಂಗಡಿಯಲ್ಲಿ ಕೂಡಿಸಿ ನೋಡಿ, 70-80 ರೂಪಾಯಿ ಆದೀತು. ಅದೂ ಮನೆಮಂದಿಯೆಲ್ಲ ತಿನ್ನುವ ಊಟ.

"ಕಾಳಿನ ಪ್ರೋಟೀನ್ ಪೂರ್ತಿ ಅಲ್ಲ" ಅಂತ ಒಂದು ಮಾತಿದೆ. ಬರೀ ಕಾಳನ್ನೇ ತಿಂದು ಬದುಕುವವರು ಯಾರಿದ್ದಾರೆ? ಪ್ರೋಟೀನ್ ಆಗೋದೇ ಅಮೈನೋ ಆಮ್ಲ ಅನ್ನೋ ಚಿಕ್ಕ ಚಿಕ್ಕ ತುಂಡುಗಳಿಂದ. ಕಾಳಲ್ಲಿ ಕಮ್ಮಿ ಇರುವ ಅಮೈನೋ ಆಮ್ಲ ಅಕ್ಕಿ, ರಾಗಿಯಲ್ಲಿದೆ. ಅವುಗಳಲ್ಲಿ ಕಮ್ಮಿ ಇರುವುದು ಕಾಳಲ್ಲಿದೆ. ಮುದ್ದೆ ಜೊತೆ ಹುರುಳಿ ಬಸ್ಸಾರು ತಿಂದವರಿಗೆ ಇದು ಗೊತ್ತಿಲ್ಲದೆಯೂ ಸಿಕ್ಕಿದೆ. ಪೌಡರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾಲು ಒಡೆದಾಗ ಉಳಿಯುವ ತಿಳಿನೀರಿಂದ ಮಾಡುವ ಪುಡಿ ಅದು. ಕೈಯಲ್ಲಿ ದುಡ್ಡಿದ್ದು, ಅಡುಗೆಗೆ ಪುರುಸೊತ್ತಿಲ್ಲದವರು ಕುಡಿಯಲಿ. ಆದರೆ ಸಾಲ ಮಾಡಿ ಕುಡಿ ಅಂತ, ಅಮ್ಮನ ಕೈಅಡುಗೆ ತಿನ್ನಬೇಡ ಅಂತ ಹೇಳೋದು ತಪ್ಪು. ತಪ್ಪೇ.

ಇಷ್ಟು ಸಿಟ್ಟು ಯಾಕೆ ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಇಲ್ಲಿ ಯಾವತ್ತೂ ಬರೆದಿಲ್ಲ. ಶುರುವಿನ ದಿನಗಳಲ್ಲಿ ಇಂಥದ್ದೇ ಮಾತು ಕೇಳಿ ನಾಲ್ಕು ತಿಂಗಳು ಉಪ್ಪುಖಾರ ಇಲ್ಲದ ಬೇಯಿಸಿದ ಕೋಳಿ ಮಾತ್ರ ತಿಂದೆ. ಅಮ್ಮ ಅವರೆಕಾಳು ಸಾರು ಮಾಡಿ ಕರೆದರೆ ತಟ್ಟೆ ಸರಿಸುತ್ತಿದ್ದೆ. ಕೊನೆಗೆ ಅಮ್ಮ ಕರೆಯೋದನ್ನೇ ಬಿಟ್ಟರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಐದನೇ ತಿಂಗಳು ಆ ಕೋಳಿ ಗಂಟಲಲ್ಲಿ ಇಳಿಯಲಿಲ್ಲ, ಜಿಮ್ಮೂ ಬಿಟ್ಟುಹೋಯಿತು. ಮತ್ತೆ ತೂಕ ಎತ್ತಲು ಶುರು ಮಾಡಿದ್ದು ಮನೆಯ ಸಾರಿಗೆ ವಾಪಸ್ ಬಂದ ಮೇಲೇ. ಬಾಯಿಗೆ ಹಿಡಿಸದ ಊಟವನ್ನು ವರ್ಷಗಟ್ಟಲೆ ತಿನ್ನೋಕೆ ಆಗುತ್ತಾ ಹೇಳಿ?

ಸೋಯಾ ಚಂಕ್ಸ್ ವಾಸನೆ ಅಂತ ಹುಡುಗ ಮೂಗು ಮುರಿದ. ಉಪ್ಪು ಹಾಕಿದ ಕುದಿನೀರಲ್ಲಿ ಹತ್ತು ನಿಮಿಷ ಬಿಡು, ಚೆನ್ನಾಗಿ ಹಿಂಡು, ತಣ್ಣೀರಲ್ಲಿ ತೊಳೆದು ಇನ್ನೊಂದು ಸಲ ಹಿಂಡು ಅಂದೆ. ಆಮೇಲೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ರುಬ್ಬಿ ಹಾಕಿದರೆ ಚಪಾತಿಗೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ! ನಿಮ್ಮ ಮನೆಯಲ್ಲಿ ಅದಕ್ಕೆ ಏನು ಮಸಾಲೆ ಹಾಕುತ್ತೀರಿ, ಕೆಳಗೆ ಬರೆಯಿರಿ. ನಾಳೆ ಬೆಳಗ್ಗೆ ಅವನಿಗೆ ಹೇಳಬೇಕು. ನಾನೂ ಡಬ್ಬಿ ಒಯ್ಯುತ್ತಿದ್ದೇನೆ, ಇಬ್ಬರೂ ಅದೇ ಮೂಲೆಯಲ್ಲಿ ಕೂತು ತಿನ್ನುತ್ತೇವೆ.